ಡಬ್ಬಿಯಲ್ಲಿ ಹೊಸ ಆಯಿಲ್, ಚಕ್ರದಲ್ಲಿ ಹಳೇದು: ಘಟ್ಟ ಇಳಿಯುವವರು ಓದಿ

ಸರ್ವೀಸ್ ಬಿಲ್ಲಿನಲ್ಲಿ ‘ಬ್ರೇಕ್ ಆಯಿಲ್ ಚೇಂಜ್’ ಎಂದು ಬರೆದಿರುತ್ತದೆ. ಬಾನೆಟ್ ಎತ್ತಿದರೆ ಡಬ್ಬಿಯಲ್ಲಿ ಹೊಂಬಣ್ಣದ ಆಯಿಲ್ ಫಳಫಳ ಅನ್ನುತ್ತಿರುತ್ತದೆ. ಇಷ್ಟನ್ನೇ ನಂಬಿ ದೇವಿಮನೆ ಘಟ್ಟ ಇಳಿಯಬೇಡಿ.

ನಾವು ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದು. ಗಾಡಿ ತುಂಬ ಜನ, ಡಿಕ್ಕಿ ತುಂಬ ಸಾಮಾನು. ಸರ್ವೀಸ್ ಆಗಿ ವಾರವೂ ಕಳೆದಿರಲಿಲ್ಲ. ಮುಂದೊಂದು ಲೋಡ್ ಲಾರಿ, ಓವರ್‌ಟೇಕ್ ಮಾಡುವ ಜಾಗವಲ್ಲ. ಸೆಕೆಂಡ್ ಗೇರಿನಲ್ಲಿದ್ದರೂ ತಿರುವು ತಿರುವಿಗೂ ಬ್ರೇಕ್ ತುಳಿಯುತ್ತ ಅದರ ಬೆನ್ನಿಗೇ ಬಂದೆ. ಕೆಳಗಿನ ತಿರುವುಗಳ ಹತ್ತಿರ ಪೆಡಲ್ ಮೆತ್ತಗಾಯಿತು, ಇನ್ನೊಂದು ಸಲ ತುಳಿದರೆ ನೆಲಕ್ಕೇ ಹೋಯಿತು. ಪಟಪಟ ಒತ್ತಿದಾಗ ಚೂರು ಹಿಡಿತ ಸಿಕ್ಕಿತು. ಫಸ್ಟ್ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನ ಎಳೆಯುತ್ತ ಗುಡ್ಡದ ಬದಿಗೆ ನಿಲ್ಲಿಸಿದೆ. ಹಿಂದಿನ ಸೀಟಿನಿಂದ ಅತ್ತೆ "ಎಂತಕ್ಕೆ ಇಲ್ಲಿ ನಿಲ್ಸಿದ್ದು?" ಅಂದರು. "ಗಾಡಿ ಬಿಸಿ ಆಯ್ದು" ಅಂದೆ. ಸುಳ್ಳೇನಲ್ಲ.

ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಗಟ್ಟಿ, ಏನೂ ಆಗಿಲ್ಲವೆಂಬಂತೆ! ಆದರೂ ಗಾಡಿ ಮುಟ್ಟಲಿಲ್ಲ. ನೆಟ್‌ವರ್ಕ್ ಸಿಗುವ ತಿರುವಿನ ತನಕ ನಡೆದು, ಕುಮಟಾದ ಪರಿಚಯದ ಮೆಕ್ಯಾನಿಕ್‌ನನ್ನು ಕರೆಸಿದೆ. ಅವನು ಮುಂದಿನ ಚಕ್ರ ಬಿಚ್ಚಿ, ಕ್ಯಾಲಿಪರಿನ (ಬ್ರೇಕ್ ಪ್ಯಾಡನ್ನು ಒತ್ತುವ ಭಾಗ) ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಪೆಡಲ್ ಒತ್ತಲು ಹೇಳಿದ. ಬಾಟಲಿಗೆ ಬಿದ್ದದ್ದು ಕಪ್ಪಗೆ. "ಮೇಲೆ ಹೊಸಾದು, ಇಲ್ಲಿ ನೋಡಿ ಮಾರಾಯ್ರೆ, ಬರೀ ಕಷಾಯ!"

ಗ್ಯಾರೇಜಿನವರು ಡಬ್ಬಿಯಲ್ಲಿದ್ದದ್ದನ್ನು ಸಿರಿಂಜಿನಿಂದ ಹೀರಿ, ಅಲ್ಲಿಗೆ ಮಾತ್ರ ಹೊಸತು ಸುರಿದಿದ್ದರು. ಪೈಪಿನಲ್ಲಿ, ಚಕ್ರದ ಬುಡದಲ್ಲಿ ಹಳೇದೇ ಇತ್ತು. ಬಿಸಿಯಾಗುವುದು ಚಕ್ರದ ಬುಡವೇ ಹೊರತು ಡಬ್ಬಿಯಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯುವಂತಿಲ್ಲ, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿಯೇ 155. ಡಾಟ್ 3 ಆದರೆ 205 ಮತ್ತು 140. ಕುದಿದರೆ ಒಳಗೆ ಆವಿ ತುಂಬುತ್ತದೆ. ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಕಾಲಿನ ಬಲ ಪ್ಯಾಡಿಗೆ ಮುಟ್ಟುವುದಿಲ್ಲ. ತಣಿದ ಮೇಲೆ ಎಲ್ಲ ಮೊದಲಿನಂತೆ. ಹಾಗಾಗಿಯೇ ಪೇಟೆಯಲ್ಲಿ ಒಂದು ಸುತ್ತು ಹೊಡೆದು "ಬ್ರೇಕ್ ಸರಿ ಇದೆ" ಅನ್ನುವುದು ಸುಲಭ. ಅನೇಕ ಗಾಡಿಗಳ ಪುಸ್ತಕದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದಿರುತ್ತದೆ. ನಾಲ್ಕು ತಿಂಗಳು ಬಟ್ಟೆ ಒಣಗದ ನಮ್ಮ ಕಡೆ ಅದನ್ನು ದಾಟಿಸಬಾರದು.

ಮೆಕ್ಯಾನಿಕ್‌ಗೆ ಅನುಮಾನ ಬಂದು ತಣಿದಿದ್ದ ರೇಡಿಯೇಟರಿನ ಮುಚ್ಚಳವನ್ನೂ ತೆಗೆದ (ಬಿಸಿ ಇದ್ದಾಗ ಯಾರೂ ತೆಗೆಯಬೇಡಿ, ಮುಖ ಸುಡುತ್ತದೆ). ಪಕ್ಕದ ಬಾಟಲಿಯಲ್ಲಿ ಇಂಜಿನ್ ತಣಿಸುವ ಹಸಿರು ಕೂಲಂಟ್, ರೇಡಿಯೇಟರಿನ ಒಳಗೆ ತುಕ್ಕಿನ ನೀರು. ಅಲ್ಲೂ ಅದೇ ಕೈಚಳಕ. ಇಂಜಿನ್ ಆಯಿಲ್ ಒಂದು ನಿಜಕ್ಕೂ ಹೊಸದಿತ್ತು. ಡಿಪ್‌ಸ್ಟಿಕ್ ಎಳೆದು ಎಲ್ಲರೂ ನೋಡುತ್ತಾರಲ್ಲ!

ಬ್ರೇಕ್ ಆಯಿಲ್ ಬದಲಿಸುವಾಗ ಎದುರು ನಿಂತು ಮಾಡಿಸಿ. ಸೀಲ್ ಒಡೆಯದ ಡಬ್ಬಿ ನಿಮ್ಮ ಮುಂದೆಯೇ ತೆರೆಯಲಿ, ನಾಲ್ಕೂ ಚಕ್ರದಿಂದ ಹೊಸ ಬಣ್ಣ ಬರುವ ತನಕ ಹಳೇದು ಇಳಿಯಲಿ. "ಗಿರಾಕಿಗಳು ಒಳಗೆ ಬರುವ ಹಾಗಿಲ್ಲ" ಅಂದರೆ, ತೆಗೆದ ಆಯಿಲನ್ನು ಬಾಟಲಿಯಲ್ಲಿ ಕೊಡಿ ಅನ್ನಿ. ಮೇಲಿನ ಡಬ್ಬಿ ಹಿಡಿಯುವಷ್ಟೇ ತಂದುಕೊಟ್ಟರೆ ವಿಷಯ ಗೊತ್ತಾಯಿತಲ್ಲ. ಮಟ್ಟ ಇಳಿದಿದೆಯೆಂದು ಬರೀ ಟಾಪ್‌ಅಪ್ ಮಾಡಿಕೊಟ್ಟರೂ ಒಪ್ಪಬೇಡಿ: ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು.

ಬಿಲ್ ಹಿಡಿದು ಗ್ಯಾರೇಜಿಗೆ ಹೋದೆ. "ಹುಡುಗ ಹೊಸಬ" ಎಂದು ಬ್ರೇಕ್ ಆಯಿಲಿನ ದುಡ್ಡು ವಾಪಸ್ ಕೊಟ್ಟರು. ಕೂಲಂಟಿನ ಲೆಕ್ಕ ತೆಗೆಯುವಷ್ಟರಲ್ಲಿ ಮಾಲಕರಿಗೆ ಊಟದ ಹೊತ್ತಾಯಿತು.