ಹೆರಿಗೆ ತಾರೀಖು 10 ದಿನ ತಪ್ಪಿದ್ದಕ್ಕೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಸೇರಿದ ಮಗು

ಒಬ್ಬ ಗರ್ಭಿಣಿಯ ಕೊನೆಯ ಮುಟ್ಟಿನ ಮೊದಲ ದಿನ ಜನವರಿ 2. ಆಕೆ ತಾರೀಖನ್ನು ಸರಿಯಾಗಿಯೇ ಹೇಳಿದ್ದರು. ಅದಕ್ಕೆ 280 ದಿನ ಕೂಡಿಸಿ ಆಕೆಯ ತಪಾಸಣೆ ಕಾರ್ಡಿನಲ್ಲಿ ಹೆರಿಗೆಗೆ ಅಕ್ಟೋಬರ್ 9 ಅಂತ ಬರೆದರು. ಕೂಡಿಕೆಯೂ ಸರಿ. ಆದರೆ ಆಕೆಗೆ ಮುಟ್ಟು ಬರುತ್ತಿದ್ದದ್ದು 38 ದಿನಕ್ಕೊಮ್ಮೆ. ಅದನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

280ರ ಲೆಕ್ಕ ಹೊಂದುವುದು 28 ದಿನದ ಚಕ್ರಕ್ಕೆ, ಅಂದರೆ 14ನೇ ದಿನದ ಆಸುಪಾಸಿನಲ್ಲಿ ಅಂಡ ಬಿಡುಗಡೆಯಾಗುವವರಿಗೆ. ಚಕ್ರ ಉದ್ದವಿದ್ದರೆ ಸಾಮಾನ್ಯವಾಗಿ ಹಿಗ್ಗುವುದು ಅಂಡ ಬಿಡುಗಡೆಗೆ ಮುಂಚಿನ ಭಾಗವೇ. 38 ದಿನದವರಿಗೆ ಅದು ಸುಮಾರು 24ನೇ ದಿನ. ಕಾರ್ಡು ಮಗುವಿಗಿಂತ 10 ದಿನ ಮುಂದೆ ಓಡುತ್ತಿತ್ತು.

ಮಾರ್ಚ್ 6ರ ಸ್ಕ್ಯಾನಿನಲ್ಲೇ ಇದು ಸಿಕ್ಕಿಬಿದ್ದಿತ್ತು. ಕಾರ್ಡಿನ ಪ್ರಕಾರ ಅವತ್ತಿಗೆ 9 ವಾರ. ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಉದ್ದ, ರಿಪೋರ್ಟಿನಲ್ಲಿ ಸಿಆರ್‌ಎಲ್ ಅಂತ ಬರೆಯುವುದು, 23 ಮಿ.ಮೀ. ಸುತ್ತಮುತ್ತ ಇರಬೇಕಿತ್ತು, ಬಂದದ್ದು 13. ಅಂದರೆ 7 ವಾರ 4 ದಿನ. 9 ವಾರದಿಂದ 13 ವಾರ 6 ದಿನದೊಳಗೆ ವ್ಯತ್ಯಾಸ 7 ದಿನ ಮೀರಿದರೆ, ಇನ್ನೂ ಮುಂಚೆಯಾದರೆ 5 ದಿನ ಮೀರಿದರೆ, ಸ್ಕ್ಯಾನಿನ ತಾರೀಖನ್ನೇ ಹಿಡಿಯಬೇಕು. ರಿಪೋರ್ಟಿನ ಕೊನೇ ಸಾಲಿನಲ್ಲಿ ಅಕ್ಟೋಬರ್ 19 ಅಂತ ಇತ್ತು. ರಿಪೋರ್ಟು ಫೈಲಿನೊಳಗೆ ಹೋಯಿತು, ಕಾರ್ಡಿನಲ್ಲಿ ಅಕ್ಟೋಬರ್ 9 ಹಾಗೇ ಉಳಿಯಿತು.

ಮುಂದಿನದ್ದೆಲ್ಲ ಅದರ ಬಾಲ. ಕೊನೆಯ ತಿಂಗಳುಗಳ ಸ್ಕ್ಯಾನಿನಲ್ಲಿ ಮಗು ‘ವಾರಕ್ಕೆ ತಕ್ಕಷ್ಟು ಬೆಳೆದಿಲ್ಲ’ ಅನ್ನಿಸಿತು, ಅನ್ನಿಸದೆ ಇನ್ನೇನು? ಸೆಪ್ಟೆಂಬರ್ 25ಕ್ಕೆ, 38 ವಾರ ತುಂಬಿತೆಂದು ನೋವು ಬರಿಸಿ ಹೆರಿಗೆ ಮಾಡಿಸಿದರು. ನಿಜವಾಗಿ ಆಗಿದ್ದದ್ದು 36 ವಾರ 4 ದಿನ. ಮಗುವಿಗೆ ಏದುಸಿರು, ನಾಲ್ಕು ದಿನ ಎನ್‌ಐಸಿಯು.

ಇದರ ತಿರುಗಾಮುರುಗಾ ತಪ್ಪು ಇನ್ನೂ ಅಪಾಯದ್ದು. ಮೆಷಿನ್ ಪ್ರತಿ ಸ್ಕ್ಯಾನಿನಲ್ಲೂ ಮಗುವಿನ ಗಾತ್ರ ನೋಡಿ ಹೊಸ ಹೆರಿಗೆ ತಾರೀಖು ಕೊಡುತ್ತದೆ. 28 ವಾರದ ನಂತರ ಅದು ಮೂರು ವಾರದವರೆಗೂ ಆಚೀಚೆ ಆಗಬಹುದು. ಮೊದಲ ಸ್ಕ್ಯಾನಿನಲ್ಲಿ ಖಚಿತವಾದದ್ದನ್ನು ಬಿಟ್ಟು ಇದನ್ನು ನಂಬಿದರೆ, ನಿಜವಾಗಿಯೂ ಬೆಳವಣಿಗೆ ಕುಂಠಿತವಾದ ಮಗು ‘ಬರೀ ಕಡಿಮೆ ವಾರದ್ದು’ ಎನ್ನಿಸಿಕೊಂಡು ಕಣ್ತಪ್ಪಿ ಹೋಗುತ್ತದೆ. ತಾರೀಖು ಒಮ್ಮೆ ಸರಿಯಾಗಿ ನಿಂತ ಮೇಲೆ ಅದನ್ನು ಮುಟ್ಟಬಾರದು.

ಮುಟ್ಟಿನ ತಾರೀಖು ಕೈಕೊಡುವ ಸಂದರ್ಭಗಳು ಬೇರೆಯೂ ಇವೆ. ಗರ್ಭ ನಿಂತ ಹೊಸದರಲ್ಲಿ ಕಾಣುವ ಅಲ್ಪ ರಕ್ತವನ್ನು ಮುಟ್ಟೆಂದುಕೊಂಡರೆ ಲೆಕ್ಕ ಸುಮಾರು ನಾಲ್ಕು ವಾರ ಹಿಂದೆ ಬೀಳುತ್ತದೆ. ಗರ್ಭನಿರೋಧಕ ಮಾತ್ರೆ ಬಿಟ್ಟ ಕೂಡಲೇ, ಅಥವಾ ಮೊಲೆಯೂಡುತ್ತಾ ಮುಟ್ಟು ಮರಳುವ ಮೊದಲೇ ಬಸಿರಾದರೆ ಆ ತಾರೀಖನ್ನು ನೆಚ್ಚುವಂತಿಲ್ಲ. ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕ್ಕೆ ಹಾಕುವ ಐವಿಎಫ್‌ನಲ್ಲಿ ಮಾತ್ರ ಗೊಂದಲವಿಲ್ಲ: ಐದನೇ ದಿನದ ಭ್ರೂಣ ಹಾಕಿದ ತಾರೀಖಿಗೆ 261 ದಿನ ಕೂಡಿಸಿದರೆ ಮುಗಿಯಿತು.

ತಿಂಗಳಲ್ಲಿ ಎಣಿಸಲೇ ಬೇಡಿ. ‘9ನೇ ವಾರ ನಡೆಯುತ್ತಿದೆ’ ಅಂದರೆ ತುಂಬಿರುವುದು 8. ರಿಪೋರ್ಟಿನಲ್ಲಿ ಇರುವುದು ತುಂಬಿದ ವಾರ. ಮೊದಲ ಭೇಟಿಯಲ್ಲೇ ಕಳೆದ ಮೂರು ಮುಟ್ಟಿನ ತಾರೀಖು ಬರೆದುಕೊಂಡು ಹೋಗಿ. 14 ವಾರದೊಳಗಿನ ಸ್ಕ್ಯಾನ್ ರಿಪೋರ್ಟನ್ನು ಕಾರ್ಡಿನ ಪಕ್ಕ ಇಟ್ಟು ಎರಡೂ ತಾರೀಖು ತೋರಿಸಿ, ‘ಇದರಲ್ಲಿ ಯಾವುದನ್ನು ಹಿಡಿದಿದ್ದೀರಿ ಡಾಕ್ಟ್ರೇ?’ ಅಂತ ಕೇಳಿ. ಇನ್ನೊಂದನ್ನು ಅವರ ಕೈಯಲ್ಲೇ ಹೊಡೆದುಹಾಕಿಸಿ.