ಗುಲಾಬಿಯ ಕಾವಲಿಗೆ ಬೆಳ್ಳುಳ್ಳಿಯೋ, ಚೆಂಡುಹೂವೋ, ಕೊತ್ತಂಬರಿಯೋ?

ಗುಲಾಬಿಯಲ್ಲಿ ಹೇನು, ಅಂದರೆ ರಸ ಹೀರುವ ಸಸ್ಯಹೇನು, ಮೊದಲು ಮುತ್ತುವುದು ಎಳೆಚಿಗುರನ್ನು. ಮೊಗ್ಗಿನ ಕತ್ತನ್ನು ಬೆರಳಿನಿಂದ ಸವರಿದರೆ ಹಸಿರು ಅಂಟು ಮೆತ್ತಿಕೊಳ್ಳುತ್ತದೆ. ಔಷಧಿ ಹೊಡೆದು ಹೊಡೆದು ಬೇಸತ್ತು ಈ ಸಲ ಹನ್ನೆರಡು ಗಿಡಗಳನ್ನು ನಾಲ್ಕು ಪಾಲು ಮಾಡಿದೆ. ಮೂರರ ಬುಡದಲ್ಲಿ ಬೆಳ್ಳುಳ್ಳಿ, ಮೂರರ ಸುತ್ತ ಚೆಂಡುಹೂ, ಮೂರರ ಪಕ್ಕದಲ್ಲಿ ಕೊತ್ತಂಬರಿ, ಸಬ್ಬಸಿಗೆ. ಉಳಿದ ಮೂರನ್ನು ಹೋಲಿಸಿ ನೋಡಲೆಂದು ಒಂಟಿಯಾಗಿಯೇ ಬಿಟ್ಟೆ.

ನನಗೆ ಹೆಚ್ಚು ನಂಬಿಕೆಯಿದ್ದದ್ದು ಬೆಳ್ಳುಳ್ಳಿಯ ಮೇಲೆ. ಅದರ ಘಾಟಿಗೆ ಹುಳ ಸುಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ! ಒಂದು ಬೆಳಿಗ್ಗೆ ಮಂಡಿಯೂರಿ ಮೂಸಿ ನೋಡಿದರೆ ಘಾಟೇ ಇಲ್ಲ. ಎಲೆಯೊಂದನ್ನು ಚಿವುಟಿದೆ, ಆಗ ಮೂಗಿಗೆ ಬಡಿಯಿತು. ಘಾಟು ಕೊಡುವ ಅಲಿಸಿನ್ ಹುಟ್ಟುವುದೇ ಎಸಳು ಜಜ್ಜಿದಾಗ, ಎಲೆ ಹರಿದಾಗ. ಸುಮ್ಮನೆ ನಿಂತ ಗಿಡ ಯಾರನ್ನು ಹೆದರಿಸೀತು? ಈ ಮೂರು ಗಿಡಗಳ ಚಿಗುರಿನಲ್ಲೂ ಒಂಟಿ ಗಿಡಗಳಲ್ಲಿದ್ದಷ್ಟೇ ಹೇನು ಕಂಡಿತು. ಸಾಲದ್ದಕ್ಕೆ, ಗುಲಾಬಿಗೆ ಬೇಕಾದಷ್ಟು ನೀರು ಹಾಕಿದ್ದಕ್ಕೆ ಎರಡು ಬೆಳ್ಳುಳ್ಳಿ ಗಡ್ಡೆಗಳು ಕೊಳೆತವು.

ಚೆಂಡುಹೂವಿನದು ಬೇರೆಯೇ ಕಥೆ. ಅದರ ಬೇರಿನಲ್ಲಿರುವ ವಿಷಾಂಶ ಮಣ್ಣಿನ ಜಂತುಹುಳುಗಳಿಗೆ, ಅದರಲ್ಲೂ ಬೇರುಗಂಟು ಮಾಡುವವಕ್ಕೆ, ಮಾರಕ. ಆ ಕೀರ್ತಿಯನ್ನೇ ನಾವು ಹಿಗ್ಗಿಸಿ ಎಲೆಯ ಮೇಲಿನ ಹೇನಿಗೂ ಹೊಂದಿಸಿಕೊಂಡಿದ್ದೇವೆ ಅನ್ನಿಸುತ್ತದೆ. ಹೂವೊಂದನ್ನು ಬಿಳಿ ಕಾಗದದ ಮೇಲೆ ಕೊಡವಿದಾಗ ಉದುರಿದ್ದು ಕಡ್ಡಿಯಂಥ ಸಣ್ಣ ಥ್ರಿಪ್ಸ್ ಕೀಟಗಳು. ಬಿಸಿಲು ಏರಿದಂತೆ ಚೆಂಡುಹೂವಿನ ಎಲೆಗಳಿಗೆ ಕೆಂಪು ನುಸಿಯೂ ಹತ್ತಿತು. ಇವೆರಡೂ ಗುಲಾಬಿಗೂ ಶತ್ರುಗಳೇ. ಕಾವಲಿಗೆ ಕರೆದವರು ನೆಂಟರನ್ನೂ ಕರೆತಂದ ಹಾಗಾಯಿತು. ನೋಡಲು ಚೆಂದ, ಅದನ್ನು ಅಲ್ಲಗಳೆಯುವುದಿಲ್ಲ.

ಕೊತ್ತಂಬರಿ, ಸಬ್ಬಸಿಗೆ ಮೊದಲ ಆರು ವಾರ ಏನನ್ನೂ ಮಾಡಲಿಲ್ಲ. ಸೊಪ್ಪು ಕೊಯ್ಯದೆ ಹೂವಿಗೆ ಬಿಟ್ಟ ಮೇಲೆ ಸಿರ್ಫಿಡ್ ನೊಣಗಳು ಬಂದವು. ಮೈಮೇಲೆ ಹಳದಿ ಪಟ್ಟೆ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹಾರಾಟ. ಅವುಗಳ ಬಾಯಿ ಗಿಡ್ಡ. ಆಳವಿಲ್ಲದ ಇಂಥ ಪುಟ್ಟ ಹೂಗಳಲ್ಲಿ ಮಕರಂದ ಸುಲಭವಾಗಿ ಎಟಕುತ್ತದೆ. ಹೊಟ್ಟೆ ತುಂಬಿದ ನೊಣ ಹೇನಿನ ಗುಂಪಿನ ನಡುವೆ ಮೊಟ್ಟೆಯಿಡುತ್ತದೆ. ಕಾಲಿಲ್ಲದ ಅದರ ಮರಿಹುಳು ತಲೆಯನ್ನು ಅತ್ತಿತ್ತ ಆಡಿಸುತ್ತಾ ಒಂದು ಹೇನನ್ನು ಹಿಡಿದು, ಮೇಲೆತ್ತಿ, ಹೀರಿ, ಬರಿಯ ಸಿಪ್ಪೆಯನ್ನು ಬಿಸಾಡುವುದನ್ನು ಭೂತಗನ್ನಡಿಯಲ್ಲಿ ನೋಡಿದೆ. ಅದರ ಬೆನ್ನಿಗೇ ಹೇನು ತಿನ್ನುವ ಗುಲಗಂಜಿ ಹುಳುಗಳೂ ಬಂದವು. ಹತ್ತು ದಿನಗಳಲ್ಲಿ ಎರಡು ಗಿಡಗಳ ಚಿಗುರು ಶುಚಿಯಾಯಿತು.

ಮೂರನೆಯದು ಆಗಲಿಲ್ಲ. ಅದರ ಕಾಂಡದ ಮೇಲೆ ಇರುವೆಗಳ ಸಾಲಿತ್ತು. ಹೇನು ಸುರಿಸುವ ಸಿಹಿಅಂಟಿಗಾಗಿ ಇರುವೆಗಳು ಹೇನನ್ನು ದನ ಕಾದಂತೆ ಕಾಯುತ್ತವೆ, ಗುಲಗಂಜಿ ಹುಳು ಬಂದರೆ ಅಟ್ಟುತ್ತವೆ. ಕಾಂಡಕ್ಕೆ ಕಾಗದ ಸುತ್ತಿ ಅದರ ಮೇಲೆ ಗ್ರೀಸ್ ಸವರಿದೆ, ನೆಲಕ್ಕೆ ತಾಗುತ್ತಿದ್ದ ಒಂದು ರೆಂಬೆಯನ್ನು ಕತ್ತರಿಸಿದೆ. ವಾರ ಕಳೆಯುವುದರೊಳಗೆ ಅಲ್ಲೂ ಹೇನು ಇಳಿಯಿತು.

ಮುಂದಿನ ಸಲ ಕೊತ್ತಂಬರಿಯನ್ನು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತುತ್ತೇನೆ, ಹೂವಿನ ಸರದಿ ತಪ್ಪಬಾರದು. ಅದು ಅರಳುವವರೆಗೆ ಹೇನು ಉದುರುವಂತೆ ಚಿಗುರಿಗೆ ಪೈಪಿನ ನೀರನ್ನು ರಭಸವಾಗಿ ಹಾಯಿಸುವುದು. ಬೆಳ್ಳುಳ್ಳಿ ಬೇರೆ ಪಾತಿಗೆ ಹೋಗುತ್ತದೆ.