ಚಾರ್ಜಿಂಗ್ ಪೋರ್ಟ್ ರಿಪೇರಿ: ಕಂಪನಿ ಸೆಂಟರ್, ಊರಿನ ಅಂಗಡಿ, ಎಸ್.ಪಿ. ರಸ್ತೆ, ಇಲ್ಲವೇ ಮನೆಯಲ್ಲೇ?

ಒಂದೇ ವರ್ಷದಲ್ಲಿ ನಮ್ಮ ಮನೆಯ ಎರಡೂ ಲ್ಯಾಪ್‌ಟಾಪ್‌ಗಳ ಚಾರ್ಜಿಂಗ್ ಪೋರ್ಟ್ ಕೈಕೊಟ್ಟವು. ಮಗಳದು ಟೈಪ್-ಸಿ, ನನ್ನದು ಹಳೇ ಗುಂಡು ಪಿನ್ನಿನದು. ಎರಡಕ್ಕೂ ಸೇರಿ ನಾಲ್ಕು ಕಡೆ ಪ್ರಯತ್ನಿಸಿದೆ. ನಾವಿರುವುದು ತುಮಕೂರಿನಲ್ಲಿ, ಬೇರೆ ಊರುಗಳಲ್ಲಿ ದರ ಹೆಚ್ಚುಕಡಿಮೆ ಇರಬಹುದು, ಕೆಲಸದ ರೀತಿ ಇದೇ.

ಮಗಳ ಲ್ಯಾಪ್‌ಟಾಪ್ ಮೊದಲು ಹೋಗಿದ್ದು ಕಂಪನಿಯ ಸರ್ವಿಸ್ ಸೆಂಟರ್‌ಗೆ. ನೋಡುವುದಕ್ಕೇ ಜಿ.ಎಸ್.ಟಿ. ಸೇರಿ 590 ರೂಪಾಯಿ. ಎರಡು ದಿನ ಬಿಟ್ಟು ಫೋನ್ ಬಂತು: "ಪೋರ್ಟ್ ಬೋರ್ಡ್ ಮೇಲೇ ಇದೆ ಸಾರ್, ಮದರ್‌ಬೋರ್ಡ್ ಪೂರ್ತಿ ಬದಲಾಯಿಸಬೇಕು, 24 ಸಾವಿರ ಆಗುತ್ತೆ." ಮೂರು ವರ್ಷ ಹಳೆಯ ಯಂತ್ರಕ್ಕೆ ಇದು ಮೂಗಿಗಿಂತ ಮೂಗುತಿ ಭಾರ. ಅವರು ಸುಳ್ಳು ಹೇಳಲಿಲ್ಲ. ಬೋರ್ಡಿನ ಮೇಲೆ ಬೆಸುಗೆ ಹಾಕುವ ಕೆಲಸ ಅಲ್ಲಿ ಮಾಡುವುದಿಲ್ಲ, ಬಿಡಿಭಾಗ ಬದಲಾಯಿಸುತ್ತಾರೆ ಅಷ್ಟೇ. ಬಿದ್ದು ಒಡೆದದ್ದಕ್ಕೂ ರಕ್ಷಣೆ ಕೊಡುವ ಪ್ಲ್ಯಾನ್ ಜಾರಿಯಲ್ಲಿದ್ದರೆ ಮಾತ್ರ ಅಲ್ಲಿಗೆ ಹೋಗಿ.

ಆಮೇಲೆ ನಮ್ಮ ಬಡಾವಣೆಯ ಅಂಗಡಿ. 1,200 ರೂಪಾಯಿ, ಒಂಬತ್ತು ದಿನ. ತಾನು ಮಾಡುವುದಿಲ್ಲ, ಬೇರೆಯವರಿಗೆ ಕಳಿಸುತ್ತೇನೆ ಎಂದು ಆತ ಕೊನೆಗೆ ಹೇಳಿದ. ವಾಪಸ್ ಬಂದಾಗ ಚಾರ್ಜ್ ಆಯಿತು, ಆದರೆ ಪ್ಲಗ್ಗನ್ನು ಒಂದೇ ಮಗ್ಗುಲಲ್ಲಿ ಹಾಕಿದರೆ ಮಾತ್ರ, ತಿರುಗಿಸಿದರೆ ಇಲ್ಲ. ಕಾರಣ ನನಗೆ ನಂತರ ತಿಳಿಯಿತು. ಟೈಪ್-ಸಿ ಪೋರ್ಟಿನಲ್ಲಿ 24 ಪಿನ್ನುಗಳಿರುತ್ತವೆ, ಅರ್ಧ ಮಿಲಿಮೀಟರ್ ಅಂತರದಲ್ಲಿ. ಚಾರ್ಜರ್ ಜೊತೆ "ನನಗೆ 20 ವೋಲ್ಟ್ ಬೇಕು" ಎಂದು ಮಾತಾಡುವ ಸಿ.ಸಿ. ಪಿನ್ನುಗಳು ಎರಡು, ಮಗ್ಗುಲಿಗೊಂದು. ಅದರಲ್ಲಿ ಒಂದಕ್ಕೆ ಬೆಸುಗೆ ಹಿಡಿದಿರಲಿಲ್ಲ. ಎರಡೇ ತಿಂಗಳಿಗೆ ಪೋರ್ಟು ಮತ್ತೆ ಅಲ್ಲಾಡತೊಡಗಿತು. ಹಾಗಾಗಿ ಯಾರ ಕೈಯಲ್ಲಿ ಮಾಡಿಸಿದರೂ ಹಣ ಕೊಡುವ ಮುಂಚೆ ಪ್ಲಗ್ಗನ್ನು ಎರಡೂ ಮಗ್ಗುಲಲ್ಲಿ ಹಾಕಿ ನೋಡಿ.

ಮೂರನೆಯದು ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಬೆಂಗಳೂರಿನ ಎಸ್.ಪಿ. ರಸ್ತೆ. ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಒಂದೇ ಸ್ಟಾಪ್ ಚಿಕ್ಕಪೇಟೆ, ಇಳಿದರೆ ನಡೆದೇ ಹೋಗಬಹುದು. ಮೊದಲೆರಡು ಅಂಗಡಿಗಳಲ್ಲಿ "ಬಿಟ್ಟು ಹೋಗಿ, ಸಂಜೆ ಬನ್ನಿ" ಎಂದರು. ನಾನು ಬಿಡಲಿಲ್ಲ. ಇನ್ನೊಬ್ಬ "300 ಕೊಡಿ, ಹೊರಗಿಂದ ವೈರ್ ಎಳೆದುಕೊಡ್ತೀನಿ" ಎಂದ. ದಯವಿಟ್ಟು ಇದಕ್ಕೆ ಒಪ್ಪಬೇಡಿ, ಜೋತಾಡುವ ವೈರು ಬೋರ್ಡನ್ನೇ ಸುಡಬಹುದು. ನಾಲ್ಕನೆಯ ಅಂಗಡಿಯ ಮೇಜಿನ ಮೇಲೆ ಮೈಕ್ರೋಸ್ಕೋಪೂ ಹಾಟ್ ಏರ್ ಯಂತ್ರವೂ ಇದ್ದವು. "ಕೂತ್ಕೊಳಿ ಅಣ್ಣ, ನಿಮ್ಮ ಮುಂದೇನೇ ಮಾಡ್ತೀನಿ" ಎಂದ ಹುಡುಗ ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತ. ಹಳೇ ಪೋರ್ಟನ್ನು ಬಿಸಿಗಾಳಿಯಲ್ಲಿ ಎತ್ತಿದ, ಬೋರ್ಡಿನ ಮೇಲೆ ಬೆಸುಗೆ ಹಿಡಿಯುವ ಪ್ಯಾಡುಗಳನ್ನು ಒರೆಸಿದ, ಹೊಸದನ್ನು ಕೂರಿಸಿ ಅದರ ಲೋಹದ ಕವಚದ ಕಾಲುಗಳಿಗೆ ತುಂಬು ಬೆಸುಗೆ ಕೊಟ್ಟ. ಪೋರ್ಟು ಅಲ್ಲಾಡದಂತೆ ಹಿಡಿಯುವುದೇ ಆ ಕಾಲುಗಳು. ಒಂದೂವರೆ ಗಂಟೆ, 1,800 ರೂಪಾಯಿ, ಚೀಟಿಯ ಮೇಲೆ ಮೂರು ತಿಂಗಳ ಗ್ಯಾರಂಟಿ. ಏಳು ತಿಂಗಳಾಯಿತು, ಗಟ್ಟಿಯಾಗಿದೆ. ರೈಲು, ಮೆಟ್ರೋ, ಊಟ ಸೇರಿಸಿದರೂ ಬಡಾವಣೆಯ ಅಂಗಡಿಗೆ ಮೊದಲು ಕೊಟ್ಟ 1,200 ಪೂರಾ ದಂಡ ಅನ್ನಿಸಿತು.

ನನ್ನ ಲ್ಯಾಪ್‌ಟಾಪಿನ ಕಥೆ ಚಿಕ್ಕದು. ಕೆಳಗಿನ ಮುಚ್ಚಳ ಬಿಚ್ಚಿದರೆ ಜ್ಯಾಕ್, ಅಂದರೆ ಪಿನ್ ಚುಚ್ಚುವ ಪೋರ್ಟು, ಬೋರ್ಡಿಗೆ ಅಂಟಿರಲಿಲ್ಲ, ಬೆರಳುದ್ದದ ವೈರಿನ ತುದಿಯಲ್ಲಿತ್ತು. ಮಾಡೆಲ್ ನಂಬರ್ ಹಾಕಿ ಆನ್‌ಲೈನ್‌ನಲ್ಲಿ 350 ರೂಪಾಯಿಗೆ ತರಿಸಿದೆ. ಬ್ಯಾಟರಿ ಕನೆಕ್ಟರ್ ಬಿಡಿಸಿ, ಹಳೇದು ಎಳೆದು, ಹೊಸದು ಚುಚ್ಚಿ, ಸ್ಕ್ರೂ ಬಿಗಿದೆ. ನಲವತ್ತು ನಿಮಿಷ, ಬೆಸುಗೆಯ ಗೊಡವೆಯೇ ಇಲ್ಲ. ಗುಂಡು ಪಿನ್ನಿನ ನಡುವೆ ಸೂಜಿಯಂಥ ಸಣ್ಣ ಪಿನ್ ಇದ್ದರೆ ಅದು ಬಾಗದ ಹಾಗೆ ನೋಡಿಕೊಳ್ಳಿ. ಕೆಲವು ಮಾಡೆಲ್‌ಗಳಲ್ಲಿ ಚಾರ್ಜರನ್ನು ಗುರುತಿಸುವುದು ಅದೇ. ಬಾಗಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ.

ಆದ್ದರಿಂದ ಯಾವ ಅಂಗಡಿಗೂ ಹೋಗುವ ಮುಂಚೆ ನಿಮ್ಮ ಪೋರ್ಟು ವೈರಿನ ಮೇಲಿದೆಯೋ ಬೋರ್ಡಿನ ಮೇಲಿದೆಯೋ ತಿಳಿದುಕೊಳ್ಳಿ. ವೈರಿನದಾದರೆ ಮನೆಯಲ್ಲೇ ಮಾಡಿ, ಬೋರ್ಡಿನದಾದರೆ ಕಣ್ಣೆದುರು ಬೆಸುಗೆ ಹಾಕುವವರನ್ನೇ ಹುಡುಕಿ. ಅದಕ್ಕೂ ಮೊದಲು ಬೇರೆಯವರ ಚಾರ್ಜರ್ ಹಾಕಿ ನೋಡಿ, ಯಂತ್ರ ಆಫ್ ಮಾಡಿ ಟಾರ್ಚ್ ಬಿಟ್ಟು ಪೋರ್ಟಿನೊಳಗೆ ಇಣುಕಿ. ಬ್ಯಾಗಿನ ನೂಲು, ಧೂಳು ಗಟ್ಟಿಯಾಗಿ ಕೂತಿದ್ದರೆ ಮರದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ತೆಗೆದರೆ ಖರ್ಚೇ ಇರುವುದಿಲ್ಲ.

ಮಗಳು ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಚಾರ್ಜಿಗೆ ಹಾಕುತ್ತಿದ್ದಳು, ಪ್ಲಗ್ಗಿನ ಮೇಲೇ ಭಾರ ಬೀಳುತ್ತಿತ್ತು. ಎಸ್.ಪಿ. ರಸ್ತೆಯ ಹುಡುಗ ಹಳೇ ಪೋರ್ಟಿನ ಬಾಗಿದ ನಾಲಿಗೆ ನೋಡಿಯೇ ಅದನ್ನು ಹೇಳಿಬಿಟ್ಟ. ಈಗ ಚಾರ್ಜಿಗೆ ಹಾಕುವುದು ಮೇಜಿನ ಮೇಲೆ ಮಾತ್ರ.